ಹದಿನೇಳನೇ ನಂಬರಿನ ಗದ್ದಲ

ಮೂರು ನಿಮಿಷ ದಾಟಿದ ಮೇಲೆ ಯಾರ ಮಾತೂ ನನ್ನ ತಲೆಗೆ ಹೋಗುವುದಿಲ್ಲ. ಕಿವಿಯಲ್ಲಿ ದೋಷವಿದೆಯೇನೋ ಎಂದು ಎರಡು ಸಲ ಪರೀಕ್ಷೆ ಮಾಡಿಸಿಯಾಯಿತು, ಕಿವಿ ಸರಿಯಾಗಿದೆ. ಕೆಟ್ಟಿರುವುದು ಅಭ್ಯಾಸ. ಎದುರಿಗೆ ಕೂತವರು ಮಂಡಿ ನೋವಿನ ಕತೆಯನ್ನೋ ಮಗಳ ಬಾಣಂತನದ ಕತೆಯನ್ನೋ ಆರಂಭಿಸಿದರೆಂದರೆ ನನ್ನೊಳಗೆ ಒಂದು ಗಡಿಯಾರ ಓಡತೊಡಗುತ್ತದೆ. ಮೂರು ನಿಮಿಷವಾಗುತ್ತಲೂ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಬಂದವರು ಅದನ್ನು ‘ಇನ್ನು ಹೊರಡಿ’ ಎಂಬ ಸನ್ನೆಯೆಂದು ತಿಳಿದು ಎದ್ದು ಹೋಗುತ್ತಾರೆ. ದಾವಣಗೆರೆಯ ನಮ್ಮ ಬೀದಿಯಲ್ಲಿ ನನಗೆ ಗರ್ವದ ಹೆಂಗಸೆಂಬ ಹೆಸರು ಬಂದಿರುವುದು ಹೀಗೆ.

ಗರ್ವವಲ್ಲ, ಅದು ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದ ಹದಿನಾರು ವರ್ಷ. ಈಗಿನವರಿಗೆ ಸ್ವಲ್ಪ ವಿವರಿಸಬೇಕು. ಆಗ ಪರ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ನಮ್ಮಂಥ ಆಪರೇಟರುಗಳು ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ನೂರಾರು ತೂತುಗಳಲ್ಲಿ ಸರಿಯಾದ ಎರಡನ್ನು ಹುಡುಕಿ, ಒಂದು ದಾರದಿಂದ ಎರಡು ಊರುಗಳನ್ನು ಸೇರಿಸುತ್ತಿದ್ದೆವು. ಮೂರು ನಿಮಿಷ ಒಂದು ಕಂತು. ಎರಡೂವರೆ ನಿಮಿಷಕ್ಕೆ ಒಂದು ಕೀಲಿ ಎತ್ತಿ, ಮಾತು ನಡೆಯುತ್ತಿದೆಯೋ ಇಲ್ಲವೋ ಎಂದು ಅರೆಕ್ಷಣ ಕಿವಿ ಹಾಕುವುದು ನಿಯಮ. ಮಾತಿದ್ದರೆ ಕೀಲಿ ಇಳಿಸುವುದು. ಇಲ್ಲದಿದ್ದರೆ ‘ಹಲೋ, ಮಾತಾಡ್ತಿದ್ದೀರಾ?’ ಎಂದು ಒಂದು ಸಲ ಕೇಳುವುದು. ಉತ್ತರ ಬಾರದಿದ್ದರೆ ದಾರ ಕೀಳುವುದು, ಚೀಟಿಯಲ್ಲಿ ಸಮಯ ಬರೆಯುವುದು. ನಾನು ಈ ನಿಯಮವನ್ನು ಒಂದು ದಿನವೂ ಮುರಿದವಳಲ್ಲ. ಜ್ವರ ಬಂದಾಗಲೂ ಎರಡೂವರೆ ನಿಮಿಷಕ್ಕೇ ಕೀಲಿ ಎತ್ತಿದ್ದೇನೆ.

ಸಮಯ ಬರೆಯುವ ಚಟ ಈಗಲೂ ಇದೆ. ಕೈಚೀಲದಲ್ಲಿ ಒಂದು ಪುಟ್ಟ ಡೈರಿ ಇರುತ್ತದೆ. ಮೊದಲು ಗಂಟೆ-ನಿಮಿಷ, ಆಮೇಲೆ ವಿಷಯ. ‘೬-೧೦, ಹಾಲು ಬಂತು’, ‘೭-೨೫, ಹಾಲು ಒಡೆಯಿತು’. ಇದನ್ನು ಓದಿ ಮೊಮ್ಮಗಳು ನಗುತ್ತಾಳೆ. ನಗಲಿ. ನಮ್ಮ ಹಿರಿಯರು ಕಾಲವನ್ನು ಅಳೆಯುತ್ತಿದ್ದ ಬಗೆ ಕೇಳಿದರೆ ಅವಳು ಇನ್ನೂ ನಗುತ್ತಾಳೆ. ನಿಮಿಷ ಎಂದರೆ ಮೂಲದಲ್ಲಿ ಕಣ್ಣು ಒಮ್ಮೆ ಮಿಟುಕಿಸುವಷ್ಟು ಹೊತ್ತು. ಹಾಗೆ ನೋಡಿದರೆ ಇಲಾಖೆ ಜನರಿಗೆ ಕೊಟ್ಟದ್ದು ಮೂರು ಮಿಟುಕು ಮಾತು ಮಾತ್ರ. ಗಳಿಗೆಯ ಕತೆ ಇನ್ನೂ ಚೆನ್ನಾಗಿದೆ. ತಳದಲ್ಲಿ ಸೂಜಿತೂತು ಇರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ಅದು ನಿಧಾನವಾಗಿ ತುಂಬಿ ಮುಳುಗಿದರೆ ಒಂದು ಗಳಿಗೆ. ನೀರೇ ಗಡಿಯಾರ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊಪ್ಪ ಬಿಟ್ಟು ಹದಿನೆಂಟು ವರ್ಷವಾಗಿತ್ತು. ದೂರವೇನೂ ಅಲ್ಲ, ಅರ್ಧ ದಿನದ ಬಸ್ಸು. ಆದರೂ ಹೋಗಿರಲಿಲ್ಲ. ಮೊನ್ನೆ ಕಪಾಟು ಅಣಿಗೊಳಿಸುವಾಗ ಒಂದು ಕಾರ್ಬನ್ ಪ್ರತಿ ಸಿಕ್ಕಿತು. ನನ್ನದೇ ದುಂಡನೆಯ ಅಕ್ಷರ. ‘ಶೃಂಗೇರಿ ಹದಿನೇಳನೇ ನಂಬರಿನ ಲೈನಿನಲ್ಲಿ ಮಳೆಗಾಲದುದ್ದಕ್ಕೂ ವಿಪರೀತ ಗದ್ದಲ. ಲೈನ್‌ಮನ್ ರಂಗಪ್ಪನವರಿಗೆ ಐದು ಸಲ ತಿಳಿಸಿದರೂ ಸರಿಪಡಿಸಿಲ್ಲ. ಇದು ಆರನೆಯ ದೂರು.’ ಆ ಆರನೆಯ ದೂರಿನ ಮೇಲೆ ರಂಗಪ್ಪನಿಗೆ ಮೆಮೋ ಬಂತು. ಅವನನ್ನು ನರಸಿಂಹರಾಜಪುರಕ್ಕೆ ಎತ್ತಿ ಹಾಕಿದರು.

ಹದಿನೇಳು ಎಂದರೆ ಸಿರಿಮನೆ ಜಲಪಾತದ ಹತ್ತಿರದ ಒಂದು ಕಾಫಿ ತೋಟದ ಆಫೀಸು. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಮಧ್ಯಾಹ್ನ ಎರಡರ ಸುಮಾರಿಗೆ, ರಾಯಚೂರಿನಿಂದ ಅಲ್ಲಿಗೊಂದು ಕಾಲ್ ಬರುತ್ತಿತ್ತು. ಎರಡೂವರೆ ನಿಮಿಷಕ್ಕೆ ನಾನು ಕಿವಿ ಹಾಕಿದರೆ ಮಾತಿಲ್ಲ, ಬರೀ ಹೋ ಎಂಬ ಸದ್ದು. ‘ಹಲೋ’ ಎಂದರೆ ಆ ಕಡೆಯಿಂದಲೂ ಈ ಕಡೆಯಿಂದಲೂ ಉತ್ತರವಿಲ್ಲ. ದಾರ ಕೀಳುತ್ತಿದ್ದೆ, ‘ಗದ್ದಲ, ಲೈನ್ ದೋಷ’ ಎಂದು ಬರೆಯುತ್ತಿದ್ದೆ. ಬೇಸಿಗೆಯಲ್ಲಿ ಈ ಕಾಯಿಲೆ ಇರುತ್ತಿರಲಿಲ್ಲವಾದ್ದರಿಂದ, ಕಂಬದ ಮೇಲೆ ತಂತಿ ಕಟ್ಟುವ ಪಿಂಗಾಣಿಗೆ ನೀರು ಇಳಿದಿದೆ ಎಂದು ನನ್ನ ರೋಗನಿರ್ಣಯ. ರಂಗಪ್ಪ ಪ್ರತಿ ಸಲವೂ ಏಣಿ ಹೊತ್ತು ಹೋಗಿ, ನೆನೆದು ತೊಪ್ಪೆಯಾಗಿ ಬಂದು, ಒಂದೇ ಮಾತು ಹೇಳುತ್ತಿದ್ದ: ಲೈನ್ ಸರಿ ಇದೆ. ಅದಕ್ಕಿಂತ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ. ಕೊಪ್ಪ ಬಿಡುವ ದಿನ ಮಾತ್ರ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, “ವಸಂತಕ್ಕ, ಒಂದು ಸಲ ಹೋಗಿ ನೋಡಿ ಬನ್ನಿ. ಆಮೇಲೆ ಬರೀರಿ” ಎಂದಿದ್ದ.

ನಾನು ಹೋಗಿರಲಿಲ್ಲ. ನಿಮಗೆ ಇದು ವಿಚಿತ್ರವೆನಿಸಬಹುದು. ಹದಿನಾರು ವರ್ಷ ಕೊಪ್ಪದಲ್ಲಿದ್ದವಳು ಸಿರಿಮನೆ ನೋಡಿಲ್ಲ, ನರಸಿಂಹರಾಜಪುರದ ಹಿನ್ನೀರು ನೋಡಿಲ್ಲ, ಶೃಂಗೇರಿಗೆ ಹೋದದ್ದು ಒಮ್ಮೆ, ಅದೂ ಇಲಾಖೆಯ ತರಬೇತಿಗೆ. ಎಕ್ಸ್‌ಚೇಂಜಿಗೂ ಎದುರಿನ ಬಾಡಿಗೆ ಕೋಣೆಗೂ ನಲವತ್ತೆರಡು ಹೆಜ್ಜೆ. ನನ್ನ ಲೋಕ ಅಷ್ಟೇ. ಊರುಗಳೆಲ್ಲ ಬೋರ್ಡಿನ ಮೇಲೇ ಇದ್ದವಲ್ಲ. ನೆಮ್ಮಾರ್ ಎರಡನೇ ಸಾಲಿನ ಕೊನೆಯ ತೂತು. ಸೀತೂರು ಅದರ ಕೆಳಗೆ, ಸ್ವಲ್ಪ ಸಡಿಲ. ಯಾವ ಊರಿಗಾದರೂ ಒಂದು ಕ್ಷಣದಲ್ಲಿ ತಲುಪುತ್ತಿದ್ದವಳು ಬಸ್ಸು ಹತ್ತಿ ಯಾಕೆ ಹೋಗಬೇಕು?

ಕಾರ್ಬನ್ ಪ್ರತಿಯನ್ನು ಮಡಿಚಿ ಡೈರಿಯಲ್ಲಿಟ್ಟುಕೊಂಡು ಸೆಪ್ಟೆಂಬರಿನ ಒಂದು ಶನಿವಾರ ಹೊರಟೆ. ಅಂದಿನ ಲೈನು ಸರಿಯಿತ್ತೋ, ನನ್ನ ದೂರು ಸರಿಯಿತ್ತೋ, ಎರಡರಲ್ಲಿ ಒಂದು ತೀರ್ಮಾನವಾಗಬೇಕಿತ್ತು. ಎರಡೂ ಸರಿಯಿರಲು ಸಾಧ್ಯವಿರಲಿಲ್ಲ.

ದಾರಿಯಲ್ಲೇ ನರಸಿಂಹರಾಜಪುರ. ರಂಗಪ್ಪ ನಿವೃತ್ತನಾದ ಮೇಲೂ ಅಲ್ಲೇ ನೆಲೆಸಿದ್ದಾನೆಂದು ವಿಚಾರಿಸಿ ತಿಳಿದುಕೊಂಡು, ಬರುತ್ತೇನೆಂದು ಹೇಳಿ ಕಳಿಸಿದ್ದೆ. ಬಸ್ ನಿಲ್ದಾಣಕ್ಕೇ ಬಂದಿದ್ದ. ಬೆನ್ನು ಬಾಗಿಲ್ಲ, ಕಂಬ ಹತ್ತಿದವರ ಬೆನ್ನು ಬಾಗುವುದಿಲ್ಲವೋ ಏನೋ. ನನ್ನನ್ನು ನೋಡಿದವನು ನೇರವಾಗಿ ಕೈಗಡಿಯಾರ ನೋಡಿದ. ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕೋ, ಇಲ್ಲಾ ಇನ್ನೊಂದು ಕಂತಿನ ಎಕ್ಸ್‌ಟೆನ್ಷನ್ ಸಿಗುತ್ತದೋ ಎಂದು ಕೇಳಿದ. ಹದಿನೆಂಟು ವರ್ಷಕ್ಕೂ ಹಿಂದಿನ ಸಿಟ್ಟು ಹೀಗೆ ಮೊದಲ ವಾಕ್ಯದಲ್ಲೇ ತಮಾಷೆಯಾಗಿ ಎದುರಾದರೆ ಏನು ಮಾಡುವುದು? ನಾನು ಕಾರ್ಬನ್ ಪ್ರತಿ ತೆಗೆದು ಅವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ಅಕ್ಷರ ಎಷ್ಟು ಚೆಂದ ಎಂದ. ಮೊದಲು ಹಿನ್ನೀರು ನೋಡೋಣ ಎಂದು ಆಟೋ ಕರೆದ.

ಭದ್ರೆಯ ಹಿನ್ನೀರನ್ನು ನಾನು ಹೇಗೆ ವರ್ಣಿಸಲಿ? ‘ಎನ್.ಆರ್. ಪುರ’ ಎಂಬ ಹೆಸರಿನ ಎದುರು ನನ್ನ ತಲೆಯಲ್ಲಿ ಇದ್ದದ್ದು ಒಂದು ಹಿತ್ತಾಳೆಯ ತೂತು. ಅದರ ಹಿಂದೆ ಇಷ್ಟು ನೀರಿತ್ತೇ? ಬೆಟ್ಟಗಳು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವು. ಒಂದು ದೋಣಿ ಆಚೆ ದಡದಿಂದ ಹೊರಟಿತ್ತು. ಅದು ನಮ್ಮ ಕಡೆ ಬರುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ದೂರ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಗಳಿಗೆ ಫೋನಿತ್ತೇ ಎಂದು ಕೇಳಿದೆ. ರಂಗಪ್ಪ ನನ್ನ ಮುಖವನ್ನೇ ನೋಡಿ, ಅವು ಮುಳುಗುವಾಗ ಅಲ್ಲಿ ಕರೆಂಟೂ ಇರಲಿಲ್ಲ ಎಂದ. ಎಂಥ ಪ್ರಶ್ನೆ ಕೇಳಿದೆನಲ್ಲ ಎಂದು ನಾಚಿಕೆಯಾಯಿತು. ಡೈರಿ ತೆಗೆದು ‘೧೦-೫೦, ನೀರು’ ಎಂದು ಬರೆದು, ಮುಂದೆ ಏನು ಬರೆಯಬೇಕೆಂದು ತೋಚದೆ ಮುಚ್ಚಿದೆ.

ಮಧ್ಯಾಹ್ನ ನಾನೊಬ್ಬಳೇ ಕೊಪ್ಪಕ್ಕೆ ಹೋದೆ. ರಂಗಪ್ಪ ಮರುದಿನ ಮೊದಲ ಬಸ್ಸಿಗೆ ಬರುತ್ತೇನೆಂದಿದ್ದ. ಹದಿನೇಳನ್ನು ತಾನೇ ತೋರಿಸಬೇಕಂತೆ.

ಕೊಪ್ಪದ ಎಕ್ಸ್‌ಚೇಂಜಿಗೆ ಬೀಗ. ಕಿಟಕಿಯಿಂದ ಇಣುಕಿದರೆ ನಾವು ನಾಲ್ವರು ಕೂರುತ್ತಿದ್ದ ಜಾಗದಲ್ಲಿ ಒಂದು ಕಬ್ಬಿಣದ ಬೀರು ನಿಂತಿದೆ. ಅದರ ಮೇಲೆ ಸಣ್ಣ ಹಸಿರು ದೀಪಗಳು ಮಿಟುಕುತ್ತಿವೆ. ಕುರ್ಚಿಯೇ ಇಲ್ಲ. ಒಂದೊಂದು ಮಿಟುಕಿಗೆ ಒಂದೊಂದು ಊರು ಇನ್ನೊಂದು ಊರಿನೊಡನೆ ಮಾತಾಡುತ್ತಿತ್ತು, ಯಾರೂ ಕಿವಿ ಹಾಕದೆ, ಯಾರೂ ಗಂಟೆ ಬರೆಯದೆ. ದುಃಖವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಗುಡಿಯ ಬಾಗಿಲ ಸಂದಿಯಿಂದ ನಂದಾದೀಪ ನೋಡಿದ ಹಾಗಾಯಿತು. ಕಾಲಿನ ಚಪ್ಪಲಿ ಬಿಡಬೇಕೇನೋ ಅನ್ನಿಸಿತು.

ನನ್ನ ಬಾಡಿಗೆ ಕೋಣೆ ಈಗ ಮೊಬೈಲ್ ಅಂಗಡಿ. ನಲವತ್ತೆರಡು ಹೆಜ್ಜೆ ಎಣಿಸಿಯೇ ಹೋದೆ. ವಯಸ್ಸಿಗೆ ಹೆಜ್ಜೆ ಕಿರಿದಾಗಿ ಐವತ್ತೊಂದಾಯಿತು. ಅಂಗಡಿಯ ಹುಡುಗಿಗೆ ನನ್ನ ಫೋನು ತೋರಿಸಿ ಕರೆನ್ಸಿ ಹಾಕಲು ಹೇಳಿದೆ.

“ಅಜ್ಜೀ, ಲೈಫ್‌ಟೈಮ್ ಇನ್‌ಕಮಿಂಗ್ ಹಾಕ್ಸಿಬಿಡಿ. ಎಷ್ಟ್ ಹೊತ್ತು ಬೇಕಾದ್ರೂ ಕೇಳ್ತಾ ಕೂರಬಹುದು.”

ಯಾರ ಲೈಫ್‌ಟೈಮ್ ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪ್ರಾಮಾಣಿಕಳಾದ್ದರಿಂದ, ಸುಮ್ಮನಾದಳು.

ಭಾನುವಾರ ಏಳೂವರೆಗೆ ರಂಗಪ್ಪ ಹಾಜರು. ಶೃಂಗೇರಿಯಲ್ಲಿ ಇಳಿದು ತುಂಗೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆವು. ಅಂಗೈ ಅಗಲದ ಮೀನಿನಿಂದ ಮೊಳದುದ್ದದ ಮೀನಿನವರೆಗೆ ಸಾವಿರಾರು ಮೀನು, ಮಂಡಕ್ಕಿ ಬಿದ್ದಲ್ಲಿ ಒಂದರ ಮೇಲೊಂದು ಹತ್ತಿ ಬಾಯಿ ತೆರೆಯುತ್ತಿದ್ದವು. ಅಷ್ಟು ಬಾಯಿ, ಒಂದಕ್ಕೂ ದನಿಯಿಲ್ಲ. ಹದಿನಾರು ವರ್ಷ ಬಾಯಿ ಕಾಣದೆ ದನಿ ಮಾತ್ರ ಕೇಳಿದವಳಿಗೆ ಇದು ನೋಡಲೇಬೇಕಾದ ದೃಶ್ಯ. ಆಮೇಲೆ ಹಳೆಯ ಕಲ್ಲಿನ ದೇವಸ್ಥಾನ. ಅಲ್ಲಿ ಹನ್ನೆರಡು ರಾಶಿಗಳಿಗೆ ಹನ್ನೆರಡು ಕಂಬ. ಸೂರ್ಯ ಯಾವ ರಾಶಿಯಲ್ಲಿರುವನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ ಎನ್ನುತ್ತಾರೆ. ವರ್ಷಕ್ಕೆ ಹನ್ನೆರಡೇ ಸಲ ಮುಳ್ಳು ಸರಿಯುವ ಗಡಿಯಾರ! ನಿಮಿಷದ ಮುಳ್ಳೇ ಇಲ್ಲ. ಇದನ್ನು ಕೆತ್ತಿದವನಿಗೆ ಎಷ್ಟು ವ್ಯವಧಾನವಿತ್ತೋ. ಅಂದು ಮೋಡವಿದ್ದುದರಿಂದ ಸೂರ್ಯ ಯಾವ ಕಂಬಕ್ಕೂ ಸಹಿ ಹಾಕಿರಲಿಲ್ಲ. ಗೈರುಹಾಜರಿ ಬರೆಯಲು ನನ್ನ ಕೈ ಡೈರಿಗೆ ಹೋದದ್ದನ್ನು ರಂಗಪ್ಪ ನೋಡಿ ನಕ್ಕ.

ಬಸ್ ನಿಲ್ದಾಣದಲ್ಲಿ ‘ನೆಮ್ಮಾರ್’ ಎಂಬ ಬೋರ್ಡು ಹಾಕಿಕೊಂಡ ಬಸ್ಸೊಂದು ಹೊರಟಿತ್ತು. ಎರಡನೇ ಸಾಲಿನ ಕೊನೆಯ ತೂತಿಗೆ ಅಷ್ಟೊಂದು ಜನ, ಗೊಬ್ಬರದ ಚೀಲ, ಎರಡು ಕೋಳಿ ಹೋಗುತ್ತಿರುವುದನ್ನು ಬಾಯಿ ತೆರೆದು ನೋಡುತ್ತ ನಿಂತೆ. ನಾವು ಕಿಗ್ಗದ ಬಸ್ಸು ಹತ್ತಿದೆವು. ಅಲ್ಲಿಂದ ಜೀಪು.

ಜೀಪು ನಿಂತಾಗ ಕಾಡು, ಕಾಫಿ ಗಿಡ, ಕೆಳಗಿಳಿಯುವ ಮೆಟ್ಟಿಲು ಇಷ್ಟೇ ಕಂಡದ್ದು. ಜಲಪಾತ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ನಾಲ್ಕು ಮೆಟ್ಟಿಲು ಇಳಿದಿರಬಹುದು. ತಿರುವಿನಾಚೆಯಿಂದ ಆ ಸದ್ದು ಬಂತು.

ನನ್ನ ಬಲಗೈ ಮೇಲೆದ್ದಿತು. ಗಾಳಿಯಲ್ಲಿ ದಾರವೊಂದನ್ನು ಹಿಡಿದು ಹಿಂದಕ್ಕೆ ಎಳೆಯಿತು.

ತಲೆಗೆ ತಿಳಿಯುವ ಮೊದಲೇ ಕೈಗೆ ತಿಳಿದಿತ್ತು. ಅದೇ ಹೋ. ಅದೇ ಏರಿಳಿತವಿಲ್ಲದ, ಉಸಿರು ತೆಗೆಯದ ಸದ್ದು. ಮಳೆಗಾಲದ ಮಧ್ಯಾಹ್ನಗಳಲ್ಲಿ ಹೆಡ್‌ಸೆಟ್ಟಿನೊಳಗೆ ಎಷ್ಟು ಸಲ ಕೇಳಿ, ಎಷ್ಟು ಸಲ ಕಿತ್ತೆಸೆದ ಸದ್ದು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ರಂಗಪ್ಪ ನನಗಿಂತ ಎರಡು ಮೆಟ್ಟಿಲು ಕೆಳಗೆ ನಿಂತು ತಿರುಗಿ ನೋಡಿದ. “ಸಿಕ್ತಾ ಅಕ್ಕ, ಕಂಪ್ಲೇಂಟು?”

ಅಲ್ಲೇ ಕೂತು ಎಲ್ಲ ಹೇಳಿದ. ತೋಟದ ಆಫೀಸಿನ ಗುಮಾಸ್ತರು ಸುಬ್ರಾಯರು. ಅವರ ತಂಗಿ ಪದ್ಮಾವತಿ ಈ ಸದ್ದಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು. ರಾಯಚೂರಿನ ಒಬ್ಬ ಶಾಲಾ ಮೇಷ್ಟ್ರಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಗೆ ಹೋದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲವಂತೆ, ಬಿಸಿಲಿಗಲ್ಲ, ನಿಶ್ಶಬ್ದಕ್ಕೆ. ಮಳೆಗಾಲ ಬಂತೆಂದರೆ ವಾರಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಅಣ್ಣನಿಗೆ ಕಾಲ್ ಮಾಡುವಳು. ಒಂದು ನಿಮಿಷ ಕ್ಷೇಮ ಸಮಾಚಾರ. ಆಮೇಲೆ ಅಣ್ಣ ಕಿಟಕಿ ತೆರೆದು ರಿಸೀವರನ್ನು ಹೊರಗೆ ಹಿಡಿಯುವರು. ಫೋನು ತೋಟದ ಯಜಮಾನರದು. ಅವರು ಊಟ ಮಾಡಿ ಮಲಗಿರುವ ಹೊತ್ತು ನೋಡಿಯೇ ಎರಡು ಗಂಟೆ.

ನನ್ನ ಮೊದಲ ದೂರಿಗೆ ಏಣಿ ಹೊತ್ತು ಹೋದ ದಿನವೇ ರಂಗಪ್ಪ ಅದನ್ನು ಕಂಡಿದ್ದ. ಸುಬ್ರಾಯರು ಯಾರಿಗೂ ಹೇಳಬೇಡವೆಂದು ಕೈ ಮುಗಿದಿದ್ದರು. ಇವನು ಮಾತು ಕೊಟ್ಟಿದ್ದ. ಮತ್ತೆ ನಾಲ್ಕು ಸಲ ಏಣಿ ಹೊತ್ತ.

ನನಗಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

“ನಿಮಗಾ?” ಎಂದ ರಂಗಪ್ಪ. ಸ್ವಲ್ಪವೂ ಸಿಟ್ಟಿಲ್ಲದ ದನಿ. “ನಿಮಗೆ ಹೇಳಿದ್ರೆ ನೀವು ಅದನ್ನೂ ಬರೀತಿದ್ರಿ ಅಕ್ಕ.”

ಹೌದು. ಬರೆಯುತ್ತಿದ್ದೆ. ಗಂಟೆ-ನಿಮಿಷ ಸಮೇತ, ದುಂಡನೆಯ ಅಕ್ಷರದಲ್ಲಿ, ಕಾರ್ಬನ್ ಇಟ್ಟು. ಅವನು ಹೇಳಿದ್ದರಲ್ಲಿ ತಿದ್ದಲು ಏನೂ ಇರಲಿಲ್ಲ. ಮೆಮೋ ಬಂದಾಗ ಏನನ್ನಿಸಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವನೇ, ಮೆಮೋ ಅಂದರೆ ಒಂದು ಹಾಳೆ, ಆದರೆ ಆ ಹೆಣ್ಣುಮಗಳಿಗೆ ಅಲ್ಲಿ ಇನ್ನೇನಿತ್ತು ಹೇಳಿ ಎಂದು ಮೇಲೆದ್ದ.

ಆಮೇಲೆ ಜಲಪಾತ ನೋಡಿದೆ. ಹಾಲಿನ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೇನೂ ಕಾಣಲಿಲ್ಲ. ಬಂಡೆ ತುಂಬ ಹರಡಿಕೊಂಡು, ಅವಸರವೂ ಇಲ್ಲದೆ ಆಲಸ್ಯವೂ ಇಲ್ಲದೆ, ಮಾಡುವ ಕೆಲಸವನ್ನು ಮಾಡುತ್ತಿತ್ತು. ಇದರ ಕೆಳಗೆ ಹಿರಿಯರ ಗಳಿಗೆ ಬಟ್ಟಲು ಇಟ್ಟಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂತು. ಒಂದು ಮಿಟುಕಿಗೆ ನೂರು ಗಳಿಗೆ ಮುಳುಗಿ, ಕಾಲವೆಲ್ಲ ಕಲಸಿಹೋಗುತ್ತಿತ್ತು. ನನ್ನ ಹದಿನಾರು ವರ್ಷವೂ, ಆಮೇಲಿನ ಹದಿನೆಂಟೂ, ಇದು ಹೀಗೇ ಬೀಳುತ್ತಿತ್ತು. ನಾನು ಇದನ್ನು ದೋಷ ಎಂದು ಬರೆದಿದ್ದೆ. ಮುಖಕ್ಕೆ ಹನಿ ಹಾರುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಹಳೆಯ ತೋಟದ ಆಫೀಸೇ ಈಗ ಸುಬ್ರಾಯರ ಮನೆ. ಎಪ್ಪತ್ತೈದು ದಾಟಿದವರು ಜಗಲಿಗೆ ಬಂದು, “ಎಂತ ಮಾರಾಯ, ಏಣಿ ಎಲ್ಲಿ?” ಎಂದು ರಂಗಪ್ಪನನ್ನು ಕರೆದರು. ನಾನು ಯಾರೆಂದು ರಂಗಪ್ಪ ಹೇಳುತ್ತಲೂ ಅವರ ಮುಖದಲ್ಲಿ ಒಂದು ಹಳೆಯ ಗಾಬರಿ ಹಾದುಹೋಯಿತು. ಇಷ್ಟು ವರ್ಷದ ಮೇಲೂ ಇಲಾಖೆಯವರು ಬಂದರಲ್ಲ ಎಂದುಕೊಂಡಿರಬೇಕು. ಕಾಫಿ ಕುಡಿದು ಮುಗಿಯುವ ಹೊತ್ತಿಗೆ ಆ ಗಾಬರಿ ಹೋಗಿತ್ತು. ತಂಗಿ ರಾಯಚೂರಿನಲ್ಲೇ ಇದ್ದಾಳೆ, ಮಂಡಿ ಹಿಡಿದುಕೊಂಡು ಪ್ರಯಾಣ ಮಾಡಲಾಗುವುದಿಲ್ಲ, ಈಗ ಸ್ವಂತ ಫೋನಿದೆಯಲ್ಲ ಎಂದರು. ನನ್ನ ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಅವರ ಫೋನು ಆಫೀಸಿನ ಹಳೆಯ ಮೇಜಿನ ಮೇಲೆ, ಅದೇ ಕಿಟಕಿಯ ಪಕ್ಕದಲ್ಲಿತ್ತು. ತಂಗಿಯ ನಂಬರ್ ತಿರುಗಿಸಿ, ಎರಡು ಮಾತಾಡಿ, ನನ್ನ ಕೈಗೆ ರಿಸೀವರ್ ಕೊಟ್ಟರು.

ನಾನು ಹೆಸರು ಹೇಳಲಿಲ್ಲ. ಅಭ್ಯಾಸಬಲದಿಂದ ಹೇಳಿದ್ದು, “ಹಲೋ, ಮಾತಾಡ್ತಿದ್ದೀರಾ?”

ಆ ಕಡೆ ಉಸಿರು ನಿಂತಿತು. ಆಮೇಲೆ ಒಂದು ಮುದಿ ದನಿ, “ಅಯ್ಯೋ, ನೀವಾ?” ಎಂದಿತು.

ಅವರು ಹೇಳಿದ್ದನ್ನು ಕೇಳಿ ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನಿರುವುದು ಮಾತಾಡಲು, ಮಾತಾಡದೆ ಬರೀ ಕೇಳುತ್ತ ಕೂತರೆ ಸರ್ಕಾರಕ್ಕೆ ಮೋಸ ಮಾಡಿದ ಹಾಗೆ ಎಂದು ಅಣ್ಣತಂಗಿ ಇಬ್ಬರೂ ನಂಬಿದ್ದರಂತೆ. ನನ್ನ ‘ಹಲೋ’ ಬಂದಾಗಲೆಲ್ಲ ಅವರು ಉಸಿರು ಬಿಗಿಹಿಡಿದು ಕೂರುವರು. ದನಿ ಹೊರಟರೆ ಸಿಕ್ಕಿಬಿದ್ದೆ ಎಂದು. ‘ಹೂಂ’ ಎಂಬ ಒಂದು ಮಾತು ಸಾಕಿತ್ತು, ನಾನು ಕೀಲಿ ಇಳಿಸಿಬಿಡುತ್ತಿದ್ದೆ, ಅರ್ಧ ನಿಮಿಷವಾದರೂ ಉಳಿಯುತ್ತಿತ್ತು. ನಿಯಮವನ್ನು ನನ್ನಷ್ಟೇ ಗಟ್ಟಿಯಾಗಿ ಹಿಡಿದವರು ಆ ಲೈನಿನ ಎರಡು ತುದಿಯಲ್ಲಿ ಇನ್ನಿಬ್ಬರಿದ್ದರು ಎಂದು ಆಗ ಗೊತ್ತಾಯಿತು. ಇಲ್ಲದ ನಿಯಮವಾದರೇನು.

ತಪ್ಪಾಯಿತು ಎಂದೆ. “ಈಗ ನೀರು ಜೋರಿದೆಯಾ?” ಎಂದು ಕೇಳಿದರು.

ನಾನು ಕಿಟಕಿ ತೆರೆದೆ. ರಿಸೀವರಿನ ಸುರುಳಿ ದಾರ ಎಷ್ಟು ಬರುತ್ತದೋ ಅಷ್ಟು ಎಳೆದು ಕೈಯನ್ನು ಹೊರಗೆ ಚಾಚಿದೆ. ಬಲಗೈ. ಅದು ಕೀಳಲು ಮೇಲೇಳುತ್ತದೇನೋ ಎಂದು ಹೆದರಿ ಎಡಗೈಯಿಂದ ಅದನ್ನು ಒತ್ತಿ ಹಿಡಿದುಕೊಂಡಿದ್ದೆ. ಅದು ಅಲ್ಲಾಡಲಿಲ್ಲ. ಸುಬ್ರಾಯರು ಕಾಫಿ ಲೋಟ ಒಳಗಿಟ್ಟು ಬಂದರು. ರಂಗಪ್ಪ ಎಲೆಯಡಿಕೆ ಹಾಕಿಕೊಂಡ, ಜಗಿದ, ಹೊರಗೆ ಹೋಗಿ ಉಗುಳಿ ಬಂದ. ತೋಳು ನೋಯತೊಡಗಿತು. ಕೊನೆಗೆ ಕಿವಿಗೆ ಹಿಡಿದಾಗ, ಆ ಕಡೆಯಿಂದ ನಿದ್ದೆ ಹೋದವರ ನಿಧಾನವಾದ ಉಸಿರು ಕೇಳಿಸಿತು. ರಿಸೀವರನ್ನು ಸದ್ದಾಗದಂತೆ ಇಳಿಸಿದೆ.

ಆಮೇಲೆ ಅದೇ ಮೇಜಿಗೆ ಕೂತು ಡೈರಿಯಿಂದ ಕಾರ್ಬನ್ ಪ್ರತಿ ತೆಗೆದೆ. ಆರನೆಯ ದೂರಿನ ಕೆಳಗೆ ಖಾಲಿ ಜಾಗವಿತ್ತು. ‘ಹದಿನೇಳನೇ ನಂಬರ್ ಖುದ್ದಾಗಿ ಪರಿಶೀಲಿಸಿದೆ. ಲೈನ್ ಸರಿ ಇದೆ. ಮೊದಲಿನಿಂದಲೂ ಸರಿ ಇತ್ತು’ ಎಂದು ಬರೆದು, ಸಹಿ ಹಾಕಿ, ರಂಗಪ್ಪನಿಗೆ ಕೊಟ್ಟೆ. ಅವನು ಕನ್ನಡಕ ಏರಿಸಿ, ತನಿಖೆಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಎರಡು ಸಲ ಓದಿದ.

“ಎಲ್ಲ ಸರಿ ಅಕ್ಕ. ಟೈಮೇ ಹಾಕಿಲ್ಲವಲ್ಲ?”

ಗಡಿಯಾರ ನೋಡಿರಲಿಲ್ಲ ಎಂದೆ.

ರಂಗಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡ.